ಸಿಂಹ ಗೊತ್ತು, ತೋಳ ಗೊತ್ತಿಲ್ಲ!

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ಆಫ್ರಿಕದ ಸಿಂಹದ ಬಗ್ಗೆ ಹತ್ತು ವಾಕ್ಯ ಬರೆಯಿರಿ ಎಂದೆ. ಎಲ್ಲರೂ ತಲೆ ಬಗ್ಗಿಸಿ ಚಕಚಕನೆ ಬರೆದರು. ಕೇಸರ, ಗರ್ಜನೆ, ಗುಂಪಿನ ಬಾಳು, ಬೇಟೆಯಾಡುವ ಹೆಣ್ಣು ಸಿಂಹ, ಎಲ್ಲವೂ ಇತ್ತು. ಮುಂದಿನ ಪುಟದಲ್ಲಿ ತೋಳದ ಬಗ್ಗೆ ಹತ್ತು ವಾಕ್ಯ ಬರೆಯಿರಿ ಎಂದೆ. ಪೆನ್ನುಗಳು ನಿಂತವು. ಹೆಚ್ಚಿನವರು ಬರೆದದ್ದು ಎರಡೇ ವಾಕ್ಯ: ‘ತೋಳ ಕ್ರೂರ ಪ್ರಾಣಿ. ಅದು ಕುರಿಗಳನ್ನು ತಿನ್ನುತ್ತದೆ.’

ಸಿಂಹ ಇರುವುದು ಸಮುದ್ರದಾಚೆ. ತೋಳ ಇರುವುದು ನಮ್ಮ ಬೀಳಗಿ, ಮುಧೋಳ ತಾಲೂಕುಗಳ ಮಡ್ಡಿಯಲ್ಲಿ. ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಹಿರಿಯರನ್ನು ಕೇಳಿದರೂ ತೋಳದ ಒಂದಾದರೂ ಕಥೆ ಸಿಗುತ್ತದೆ. ಟಿ.ವಿ.ಯ ದಯೆಯಿಂದ ದೂರದ ಪ್ರಾಣಿ ಹತ್ತಿರವಾಯಿತು, ಹತ್ತಿರದ ಪ್ರಾಣಿ ದೂರವಾಯಿತು!

ಅಂದು ತರಗತಿ ಮುಗಿಯುವ ಹೊತ್ತಿಗೆ ಕುರಿಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. ‘ಸರ, ಹೋದ ತಿಂಗಳ ತೋಳ ನಮ್ಮವು ಎರಡು ಮರಿ ಒಯ್ತರಿ. ಅಂಥಾದನ್ನ ಯಾಕ ಉಳಸಬೇಕರಿ?’ ಎಂದು ಕೇಳಿದ. ಗಂಟೆ ಬಾರಿಸಿತು. ನಾನು ಉತ್ತರಿಸದೆ ಹೊರಗೆ ಬಂದೆ. ಈ ಲೇಖನ ಅವನಿಗೆ ಕೊಡಬೇಕಾದ ಉತ್ತರ.

ಯಡಹಳ್ಳಿಯ ಮಡ್ಡಿ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ, ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿದ ಕಲ್ಲುಗುಡ್ಡ, ಕುರುಚಲು ಕಂಟಿ, ಹುಲ್ಲುಗಾವಲಿನ ಒಂದು ಪ್ರದೇಶವಿದೆ. ಸುಮಾರು 96 ಚದರ ಕಿಲೋಮೀಟರಿನ ಈ ಭಾಗವನ್ನು 2010ರ ದಶಕದಲ್ಲಿ ಸರಕಾರ ‘ಯಡಹಳ್ಳಿ ಚಿಂಕಾರಾ ವನ್ಯಜೀವಿ ಧಾಮ’ ಎಂದು ಘೋಷಿಸಿತು. ಚಿಂಕಾರಾ ಎಂದರೆ ನಮ್ಮ ಜನ ‘ಚಿಗರಿ’ ಎಂದು ಕರೆಯುವ, ತೆಳುಮೈಯ, ನಾಚಿಕೆಯ ಪ್ರಾಣಿ. ಅದರ ಜೊತೆಗೆ ಇಲ್ಲಿ ನರಿ ಇದೆ, ಕತ್ತೆಕಿರುಬ ಇದೆ, ತೋಳವೂ ಇದೆ.

ಪರಊರಿನವರು ಬಸ್ಸಿನ ಕಿಟಕಿಯಿಂದ ನೋಡಿ ‘ಏನೂ ಇಲ್ಲದ ಬರಡು ನೆಲ’ ಎನ್ನುತ್ತಾರೆ. ಸರಕಾರಿ ಕಾಗದಗಳೂ ಬಹುಕಾಲ ಇಂಥ ನೆಲವನ್ನು ‘ಬಂಜರು’ ಎಂದೇ ಬರೆದವು. ಆದರೆ ದಟ್ಟ ಕಾಡಿನಲ್ಲಿ ಹುಲಿ ಹೇಗೋ, ಬಯಲಿನಲ್ಲಿ ತೋಳ ಹಾಗೆ. ಅದಕ್ಕೆ ಬೇಕಾದದ್ದು ದೂರದವರೆಗೆ ಕಾಣುವ ನೆಲ, ಅಡಗಲು ಒಂದಿಷ್ಟು ಕಂಟಿ, ಮರಿ ಹಾಕಲು ಹಳ್ಳದ ದಂಡೆಯಲ್ಲೊಂದು ಗವಿ.

ಓಟಕ್ಕಾಗಿ ಮಾಡಿದ ಮೈ

ಸಿಂಹ ಮತ್ತು ತೋಳಗಳ ಮೈಕಟ್ಟನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡರ ಬದುಕೂ ಅರ್ಥವಾಗುತ್ತದೆ.

ಆಫ್ರಿಕದ ಗಂಡು ಸಿಂಹ 150ರಿಂದ 225 ಕಿಲೋ ತೂಗುತ್ತದೆ. ಮುಂಗಾಲುಗಳು ಭಾರಿ ಬಲವಾದವು. ಉಗುರುಗಳು ಬೆಕ್ಕಿನಂತೆ ಒಳಗೆಳೆದುಕೊಳ್ಳುವಂಥವು, ಆದ್ದರಿಂದ ಸವೆಯದೆ ಹರಿತವಾಗಿರುತ್ತವೆ. ಅದು ಹುಲ್ಲಿನಲ್ಲಿ ಅಡಗಿ, ತೆವಳಿ ಹತ್ತಿರ ಬಂದು, ಒಮ್ಮೆಲೇ ಎರಗಿ, ಹಿಡಿದು ಕೆಡವಿ, ಗಂಟಲು ಒತ್ತಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ದೂರ ಓಡಲಾರದು. ಉಂಡ ಮೇಲೆ ದಿನದ ಬಹುಭಾಗ ಮಲಗಿಯೇ ಕಳೆಯುತ್ತದೆ.

ನಮ್ಮ ತೋಳದ ತೂಕ ಇಪ್ಪತ್ತು ಕಿಲೋದ ಆಸುಪಾಸು. ಭುಜದ ಎತ್ತರ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಯುರೋಪ್, ಕೆನಡಾಗಳ ಹಿಮದ ತೋಳಗಳು ಇದರ ಎರಡು ಪಟ್ಟು ತೂಗುತ್ತವೆ. ಅವುಗಳಿಗೆ ದಪ್ಪ ಒಳತುಪ್ಪಳ ಇದೆ. ನಮ್ಮ ಬಿಸಿಲಿನಲ್ಲಿ ಅಂಥ ಕಂಬಳಿ ಹೊದ್ದರೆ ಬದುಕಲಾದೀತೇ? ಆದ್ದರಿಂದ ಭಾರತದ ತೋಳದ ಮೈ ಸಣ್ಣ, ಕೂದಲು ತೆಳು, ಬಣ್ಣ ಒಣಹುಲ್ಲಿನಂಥ ಮಾಸಲು ಕಂದು. ಬೆನ್ನಿನ ಮೇಲಿನ ಕೂದಲಿನ ತುದಿ ಕಪ್ಪು. ಕೂತಲ್ಲೇ ಕೂತರೆ ಹತ್ತು ಮಾರು ದೂರದಿಂದಲೂ ಕಲ್ಲು ಯಾವುದು, ತೋಳ ಯಾವುದು ತಿಳಿಯದು.

ಉದ್ದ ಕಾಲು, ಇಕ್ಕಟ್ಟಾದ ಎದೆ, ಒಳಸೇರಿದ ಹೊಟ್ಟೆ. ನಾಯಿಯಂತೆ ಇದರ ಉಗುರು ಸದಾ ಹೊರಗೇ ಇರುತ್ತದೆ. ಅದು ಹಿಡಿಯುವ ಆಯುಧವಲ್ಲ, ಓಡುವಾಗ ನೆಲ ಹಿಡಿಯುವ ಮೊಳೆ. ಮುಂಗಾಲಿನಿಂದ ಅಪ್ಪಿ ಕೆಡವುವ ಶಕ್ತಿ ತೋಳಕ್ಕಿಲ್ಲ. ಅದರ ಆಯುಧವೆಲ್ಲ ಬಾಯಿಯಲ್ಲಿದೆ. ಸಿಂಹಕ್ಕೆ 30 ಹಲ್ಲುಗಳಾದರೆ ತೋಳಕ್ಕೆ 42. ಉದ್ದ ಮೂತಿಯೊಳಗೆ ಹಲ್ಲಿಗೂ ಜಾಗ, ಮೂಗಿನ ವಾಸನೆಯ ಪೊರೆಗೂ ಜಾಗ. ಸಿಂಹ ಎರಗಿ ಗೆಲ್ಲುತ್ತದೆ; ತೋಳ ಓಡಿಸಿ, ದಣಿಸಿ ಗೆಲ್ಲುತ್ತದೆ.

ಮುಧೋಳ ನಾಯಿಯನ್ನು ಕಂಡವರಿಗೆ ಇದೆಲ್ಲ ಪರಿಚಿತವೆನಿಸಬಹುದು. ಅಚ್ಚರಿಯೇನಿಲ್ಲ. ಜಗತ್ತಿನ ಎಲ್ಲ ನಾಯಿಗಳ ಮೂಲಪುರುಷ ತೋಳವೇ. ನಮ್ಮ ಅಂಗಳದಲ್ಲಿ ಬಾಲ ಅಲ್ಲಾಡಿಸುವ ನಾಯಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯನ ಬೆಂಕಿಯ ಬಳಿ ಬಂದ ತೋಳದ ಸಂತತಿ.

ಹಾಗಾದರೆ ದೂರದಲ್ಲಿ ಕಂಡದ್ದು ನಾಯಿಯೋ ತೋಳವೋ ತಿಳಿಯುವುದು ಹೇಗೆ? ಬಾಲ ನೋಡಿ. ಊರನಾಯಿಯ ಬಾಲ ಸಾಮಾನ್ಯವಾಗಿ ಮೇಲೆ ಸುರುಳಿಯಾಗಿರುತ್ತದೆ, ತೋಳದ್ದು ಕೆಳಗೆ ಇಳಿಬಿದ್ದಿರುತ್ತದೆ. ತೋಳದ ಕಣ್ಣು ಹಳದಿ, ಕಿವಿ ನೆಟ್ಟಗೆ. ನಾಯಿ ಅತ್ತಿತ್ತ ಅಲೆಯುತ್ತ ನಡೆಯುತ್ತದೆ. ತೋಳ ನೂಲು ಹಿಡಿದಂತೆ ನೇರ ನಡೆಯುತ್ತದೆ, ಮುಂಗಾಲಿನ ಹೆಜ್ಜೆಯ ಮೇಲೇ ಹಿಂಗಾಲು ಇಡುತ್ತದೆ. ಮಳೆ ಬಂದ ಮರುದಿನ ಹೊಲದ ದಾರಿಯಲ್ಲಿ ಇಂಥ ಒಂದೇ ಸಾಲಿನ ಹೆಜ್ಜೆ ಕಂಡರೆ ನಿಂತು ನೋಡಿ.

ರಾಜನ ಮನೆ, ಬಡವನ ಮನೆ

ಬೆಕ್ಕಿನ ಕುಲದಲ್ಲಿ ನಿಜವಾಗಿ ಗುಂಪು ಕಟ್ಟಿ ಬಾಳುವುದು ಸಿಂಹವೊಂದೇ. ಆ ಗುಂಪಿನ ತಿರುಳು ಹೆಣ್ಣುಗಳು. ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮ ಹೀಗೆ ರಕ್ತಸಂಬಂಧಿಗಳೇ ಸೇರಿ ತಲೆತಲಾಂತರದಿಂದ ಒಂದೇ ನೆಲದಲ್ಲಿ ಇರುತ್ತವೆ. ಒಂದರ ಮರಿಗೆ ಇನ್ನೊಂದು ಹಾಲೂಡುವುದೂ ಉಂಟು. ಗಂಡುಗಳು ಬಂದು ಹೋಗುವವು. ಅಣ್ಣತಮ್ಮಂದಿರಂತೆ ಎರಡು ಮೂರು ಗಂಡುಗಳು ಜೊತೆಗೂಡಿ ಬಂದು, ಮೊದಲಿದ್ದ ಗಂಡುಗಳನ್ನು ಓಡಿಸಿ ಗುಂಪನ್ನು ವಶ ಮಾಡಿಕೊಳ್ಳುತ್ತವೆ. ಕೆಲವೇ ವರ್ಷಗಳಲ್ಲಿ ಅವುಗಳಿಗೂ ಅದೇ ಗತಿ. ಹೊಸದಾಗಿ ಬಂದ ಗಂಡುಗಳು ಹಳೆಯ ಗಂಡುಗಳ ಎಳೆಯ ಮರಿಗಳನ್ನು ಕೊಲ್ಲುತ್ತವೆ. ಮರಿ ಕಳೆದುಕೊಂಡ ಹೆಣ್ಣು ಬೇಗ ಮತ್ತೆ ಬೆದೆಗೆ ಬರುತ್ತದೆ, ತಮ್ಮ ಸಂತಾನ ಬೆಳೆಯುತ್ತದೆ ಎಂಬುದು ಅದರ ಹಿಂದಿನ ಕಾರಣ. ಮೃಗರಾಜನ ಅರಮನೆ ಹೊರಗಿನಿಂದ ಕಂಡಷ್ಟು ಸುಖದ್ದಲ್ಲ.

ಇನ್ನು ತೋಳದ ಮನೆಗೆ ಬನ್ನಿ. ತೋಳದ ಗುಂಪೆಂದರೆ ಎಲ್ಲರನ್ನೂ ಕಚ್ಚಿ ಹೆದರಿಸಿ ಆಳುವ ಒಬ್ಬ ಯಜಮಾನ, ಅವನ ಕೆಳಗೆ ಸೇವಕರು ಎಂದು ಬಹಳ ಪುಸ್ತಕಗಳಲ್ಲಿ ಬರೆದಿರುತ್ತದೆ. ಈ ಕಲ್ಪನೆ ಹುಟ್ಟಿದ್ದು ಬೋನಿನಲ್ಲಿ! ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೆಡೆ ಕೂಡಿಹಾಕಿದಾಗ ಅವು ಕಾದಾಡಿದವು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಅದನ್ನು ಕಂಡ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದರು. ಅಮೆರಿಕದ ತಜ್ಞ ಡೇವಿಡ್ ಮೆಕ್ ತಮ್ಮ 1970ರ ಪುಸ್ತಕದಲ್ಲಿ ಅದನ್ನೇ ಮುಂದುವರಿಸಿದರು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರ ತುದಿಯ ದ್ವೀಪವೊಂದರಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದು, 1999ರಲ್ಲಿ ‘ನಾವು ತಪ್ಪು ತಿಳಿದಿದ್ದೆವು’ ಎಂಬರ್ಥದ ಪ್ರಬಂಧ ಪ್ರಕಟಿಸಿದರು. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನಿಗೆ ಅವಮಾನವಲ್ಲ.

ಮೆಕ್ ಕಂಡದ್ದು ಇಷ್ಟೇ: ತೋಳದ ಗುಂಪೆಂದರೆ ಒಂದು ಸಂಸಾರ. ಒಬ್ಬ ತಂದೆ, ಒಬ್ಬ ತಾಯಿ, ಅವರ ಈ ವರ್ಷದ ಮರಿಗಳು, ಹೋದ ವರ್ಷದ ಮಕ್ಕಳು. ಮಕ್ಕಳು ತಂದೆತಾಯಿಯ ಮಾತು ಕೇಳುತ್ತವೆ, ಅಷ್ಟೇ. ಯಜಮಾನಿಕೆಗಾಗಿ ದಿನಾ ಯುದ್ಧವಿಲ್ಲ. ಒಂದೆರಡು ವರ್ಷ ತುಂಬಿದ ಮಕ್ಕಳು ಮನೆ ಬಿಟ್ಟು, ಜೋಡಿ ಹುಡುಕಿ, ದೂರದಲ್ಲಿ ಹೊಸ ಸಂಸಾರ ಹೂಡುತ್ತವೆ. ನಮ್ಮ ಬಯಲಿನ ಗುಂಪುಗಳು ಚಿಕ್ಕವು. ಇಲ್ಲಿ ಸಿಗುವ ಬೇಟೆಯೂ ಚಿಕ್ಕದು, ಅದನ್ನು ಹೆಚ್ಚು ಬಾಯಿಗಳಿಗೆ ಹಂಚಲಾಗದು. ಚಿಗರಿ, ಮೊಲ, ಇಲಿ, ಸಿಕ್ಕರೆ ಕುರಿ-ಮೇಕೆ, ಹಸಿದಾಗ ಬಾರಿಹಣ್ಣು ಕೂಡ.

ಜೋಡಿ ಕೂಡುವುದು ಮಳೆಗಾಲ ಮುಗಿದ ಮೇಲೆ. ಸುಮಾರು 63 ದಿನ ಗರ್ಭ. ಚಳಿಗಾಲದಲ್ಲಿ ನಾಲ್ಕೈದು ಮರಿ. ಹುಟ್ಟಿದಾಗ ಮರಿ ಕುರುಡು, ಕಣ್ಣು ತೆರೆಯಲು ಹೆಚ್ಚುಕಡಿಮೆ ಎರಡು ವಾರ ಬೇಕು. ಅಷ್ಟು ದಿನ ತಾಯಿ ಗವಿ ಬಿಟ್ಟು ದೂರ ಹೋಗದು. ಅದಕ್ಕೆ ಊಟ ತರುವವರು ತಂದೆ ಮತ್ತು ಹಿರಿಯ ಮಕ್ಕಳು. ಬೇಟೆಯ ಮಾಂಸವನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹರದಾರಿ ದೂರದಿಂದ ಬರುತ್ತವೆ. ಮರಿಗಳು ಸ್ವಲ್ಪ ಬೆಳೆದು ಓಡಿ ಬಂದು ಬಾಯಿ ನೆಕ್ಕಿದ ಕೂಡಲೇ ಅದನ್ನು ಕಕ್ಕಿ ಕೊಡುತ್ತವೆ. ನಿಮ್ಮ ಮನೆಯ ನಾಯಿಮರಿ ನಿಮ್ಮ ಮುಖ ನೆಕ್ಕುವುದಕ್ಕೆ ಮೂಲ ಇದೇ ಎನ್ನುತ್ತಾರೆ. ಅದು ಮುತ್ತಲ್ಲ, ‘ಊಟ ಕೊಡು’ ಎಂಬ ಬೇಡಿಕೆ!

ತಂದೆ ಊಟ ಹೊತ್ತು ತರುವ, ಅಕ್ಕ ತಮ್ಮನನ್ನು ಕಾಯುವ ಮನೆ ಪ್ರಾಣಿಲೋಕದಲ್ಲಿ ಬಹಳ ಇಲ್ಲ. ಗಂಡು ಸಿಂಹ ಹೀಗೆ ಮರಿಗಳಿಗೆ ಊಟ ಹೊತ್ತು ತರುವುದಿಲ್ಲ. ‘ಕ್ರೂರ’ ಎಂದು ನಾವು ಎರಡೇ ವಾಕ್ಯದಲ್ಲಿ ಮುಗಿಸಿದ ತೋಳ ಮಾಡುತ್ತದೆ.

ನಾನು ಹೊತ್ತ ಕಂಟಿ

ಇಲ್ಲಿ ನನ್ನದೊಂದು ಸಂಗತಿ ಹೇಳಬೇಕು. ನಾನಾಗ ಐದನೆಯ ಇಯತ್ತೆಯಲ್ಲಿದ್ದೆ. ಎಳ್ಳಮಾವಾಸ್ಯೆಯ ಮುಂದಿನ ದಿನಗಳು. ಊರ ಹೊರಗಿನ ಹಳ್ಳದ ದಂಡೆಯಲ್ಲಿ ತೋಳ ಮರಿ ಹಾಕಿದೆ ಎಂಬ ಸುದ್ದಿ ಬಂತು. ದೊಡ್ಡವರು ಬಡಿಗೆ ಹಿಡಿದು ಹೊರಟರು. ಹುಡುಗರಾದ ನಮಗೆ ಹಬ್ಬ. ಗವಿಯ ಬಾಯಿಗೆ ಜಾಲಿಕಂಟಿ ತುಂಬಿ ಹೊಗೆ ಹಾಕಿದರು. ಕಂಟಿಯ ಒಂದು ಹೊರೆಯನ್ನು ನಾನೇ ತಲೆಯ ಮೇಲೆ ಹೊತ್ತು ಒಯ್ದಿದ್ದೆ.

ಗವಿಯಿಂದ ಐದು ಮರಿ ತೆಗೆದರು. ನಾಯಿಮರಿಗಿಂತ ಬೇರೆಯಾಗಿ ಕಾಣಲಿಲ್ಲ. ಕಣ್ಣು ಇನ್ನೂ ತೆರೆದಿರಲಿಲ್ಲ. ಸಂಜೆಯೊಳಗೆ ಐದೂ ಸತ್ತವು. ಅಂದು ರಾತ್ರಿ ಹಳ್ಳದ ಕಡೆಯಿಂದ ಊಳಿಡುವ ದನಿ ಕೇಳಿತು. ಒಂದು ದನಿ ನಿಂತರೆ ಇನ್ನೊಂದು ಏಳುತ್ತಿತ್ತು. ಮೂರು ರಾತ್ರಿ ಹಾಗೇ ಆಯಿತು. ‘ಅದ್ಯಾಕ ಎರಡು ದನಿ?’ ಎಂದು ಅವ್ವನನ್ನು ಕೇಳಿದೆ. ‘ಗಂಡ ಹೆಂಡತಿ ಇರಬೇಕು, ಮಲಕ್ಕೋ’ ಎಂದಳು. ವರ್ಷಗಳ ಮೇಲೆ ಬಿ.ಎಸ್ಸಿ. ಓದುವಾಗ ಪುಸ್ತಕದಲ್ಲಿ ತೋಳದ ಸಂಸಾರದ ಪಾಠ ಬಂದಾಗ, ಅವ್ವನಿಗೆ ಓದದೆಯೇ ಇದು ಗೊತ್ತಿತ್ತಲ್ಲ ಎನಿಸಿತು.

ನಮ್ಮೂರವರು ಕೆಟ್ಟವರಾಗಿರಲಿಲ್ಲ. ಕುರಿ ಸತ್ತರೆ ವರ್ಷದ ಗಳಿಕೆ ಹೋಯಿತು ಎನ್ನುವ ಮನೆಗಳವು. ತೋಳ ಕೊಂದರೆ ಪುಣ್ಯದ ಕೆಲಸ ಎಂದು ತಿಳಿದಿದ್ದರು. ಅದಕ್ಕೂ ಮೊದಲು ಬ್ರಿಟಿಷ್ ಸರಕಾರವೇ ಸತ್ತ ತೋಳಕ್ಕೆ ಬಹುಮಾನ ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು ಎರಡು ಲಕ್ಷ ತೋಳಗಳನ್ನು ಕೊಲ್ಲಲಾಯಿತು.

ಹುಲಿಗಿಂತ ಕಡಿಮೆ

ಈಗ ಎಷ್ಟು ಉಳಿದಿವೆ? ತಜ್ಞರ ಅಂದಾಜು ಇಡೀ ಭಾರತದಲ್ಲಿ ಮೂರು ಸಾವಿರದ ಆಸುಪಾಸು. 2022ರ ಗಣತಿಯಲ್ಲಿ ಹುಲಿಗಳ ಸರಾಸರಿ ಅಂದಾಜು 3,682. ಅಂದರೆ ತೋಳ ಹುಲಿಗಿಂತ ಅಪರೂಪ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಯಂತೆ ತೋಳವೂ ಮೊದಲನೆಯ ಪಟ್ಟಿಯಲ್ಲಿದೆ. ಕೊಂದರೆ ಜೈಲುಶಿಕ್ಷೆ. ನಮ್ಮ ರಾಜ್ಯದಲ್ಲಿ 1974ರಷ್ಟು ಹಿಂದೆಯೇ ಮೇಲುಕೋಟೆಯಲ್ಲಿ ತೋಳಕ್ಕಾಗಿ ಧಾಮವಾಯಿತು. ಈಚಿನ ವರ್ಷಗಳಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರವೂ ತೋಳಧಾಮವಾಗಿದೆ. ಆದರೆ ತೋಳಗಳು ಹೆಚ್ಚಾಗಿ ಇರುವುದು ಧಾಮದ ಹೊರಗೆ, ಕುರಿ ಮೇಯುವ ಗಾಯರಾಣಗಳಲ್ಲಿ, ಹೊಲಗಳ ಅಂಚಿನಲ್ಲಿ. ನೀರಾವರಿ ಬಂತು, ಮಡ್ಡಿ ಕಬ್ಬಿನ ಹೊಲವಾಯಿತು. ಅದು ರೈತನ ಬದುಕು, ಬೇಡವೆನ್ನಲಾಗದು. ಆದರೆ ಉಳಿದ ಮಡ್ಡಿಯನ್ನಾದರೂ ‘ಬಂಜರು’ ಎಂದು ಕರೆಯುವುದನ್ನು ಬಿಡಬಹುದಲ್ಲವೇ?

ಬಡಿಗೆಗಿಂತ ದೊಡ್ಡ ಇನ್ನೊಂದು ಅಪಾಯವಿದೆ. ಅದು ಕಣ್ಣಿಗೆ ಕಾಣದು. ತಾಂಜಾನಿಯದ ಸೆರೆಂಗೆಟಿಯಲ್ಲಿ 1994ರಲ್ಲಿ ಸಿಂಹಗಳು ತತ್ತರಿಸಿ ಬಿದ್ದು ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಸುಮಾರು ಒಂದು ಸಾವಿರ, ಎಂದರೆ ಅಲ್ಲಿನ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು ಹೋಯಿತು. ಕಾರಣ ನಾಯಿಗಳ ಡಿಸ್ಟೆಂಪರ್ ರೋಗದ ವೈರಸ್. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿದ್ದ ರೋಗ ಕಾಡಿಗೆ ದಾಟಿತ್ತು. ನಮ್ಮ ದೇಶದ ಸಿಂಹಗಳ ಏಕೈಕ ನೆಲೆ ಗುಜರಾತಿನ ಗಿರ್‌ನಲ್ಲೂ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಇದೇ ವೈರಸ್ ಪತ್ತೆಯಾಯಿತು. ಮೈಗೆ ಮೈ ತಾಗಿಸಿ ಮಲಗುವ, ಒಂದೇ ಬೇಟೆಯನ್ನು ಹಂಚಿ ಉಣ್ಣುವ ಪ್ರಾಣಿಗೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದಂತೆ. ಸಂಸಾರದ ಶಕ್ತಿಯೇ ಅದರ ದೌರ್ಬಲ್ಯ.

ತೋಳವಂತೂ ನಾಯಿಯ ರಕ್ತಸಂಬಂಧಿ. ನಾಯಿಗೆ ಬರುವ ಡಿಸ್ಟೆಂಪರ್, ಪಾರ್ವೊ, ಹುಚ್ಚುನಾಯಿ ರೋಗ ಎಲ್ಲವೂ ಅದಕ್ಕೂ ಬರುತ್ತವೆ. ನಾಯಿ ತಳಿಗಾಗಿ ದೇಶದಲ್ಲೆಲ್ಲ ಹೆಸರಾದ ಊರು ನಮ್ಮ ಮುಧೋಳ. ಅದರ ಪಕ್ಕದಲ್ಲೇ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಇಲ್ಲಿನ ಸಾಕಣೆದಾರರಿಗೆ ಡಿಸ್ಟೆಂಪರ್ ಎಂದರೇನೆಂದು ಹೇಳಬೇಕಾಗಿಲ್ಲ. ಹಾಕಿದ ಮರಿಗಳೆಲ್ಲ ಒಂದೇ ವಾರದಲ್ಲಿ ಹೋದ ನೋವು ಕಂಡವರಿದ್ದಾರೆ. ಹೊಲದ ನಾಯಿಗೂ, ಕುರಿಹಿಂಡಿನ ನಾಯಿಗೂ ಸಮಯಕ್ಕೆ ಲಸಿಕೆ ಹಾಕಿಸಿದರೆ ನಾಯಿಯೂ ಉಳಿಯಿತು, ಮಡ್ಡಿಯ ತೋಳವೂ ಉಳಿಯಿತು, ಮನೆಯ ಮಕ್ಕಳೂ ಹುಚ್ಚುನಾಯಿ ರೋಗದಿಂದ ಪಾರಾದರು.

ಹುಡುಗನಿಗೆ ಉತ್ತರ

ತೋಳ ಮನುಷ್ಯರ ಮೇಲೆ ಬೀಳುವುದಿಲ್ಲವೇ ಎಂದು ತಂದೆತಾಯಿಯರು ಕೇಳುತ್ತಾರೆ. ಬಿದ್ದದ್ದುಂಟು. ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳಲ್ಲಿ 1996ರಲ್ಲಿ, ಬಹರಾಯಿಚ್‌ನಲ್ಲಿ 2024ರಲ್ಲಿ ಮಕ್ಕಳು ಬಲಿಯಾದರು. ಅದನ್ನು ಮುಚ್ಚಿಡಬಾರದು. ಆದರೆ ಅವು ಅಪರೂಪದ ಪ್ರಸಂಗಗಳು. ಸಾಮಾನ್ಯವಾಗಿ ತೋಳ ಮನುಷ್ಯನನ್ನು ಕಂಡು ದೂರ ಸರಿಯುತ್ತದೆ. ಎಳೆಯ ಮಕ್ಕಳನ್ನು ಬಯಲಲ್ಲಿ ಒಂಟಿಯಾಗಿ ಮಲಗಿಸಬಾರದು. ಗವಿಯ ಹತ್ತಿರ ಯಾರೂ ಹೋಗಬಾರದು. ತೋಳವಿರಲಿ, ನಾಯಿಯಿರಲಿ, ನರಿಯಿರಲಿ, ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಂತ್ರ, ನಾಟಿ ಔಷಧಿ ಎಂದು ತಡ ಮಾಡಿದರೆ ಜೀವಕ್ಕೇ ಅಪಾಯ.

ಇನ್ನು ಹುಡುಗನ ಎರಡು ಮರಿಗಳು. ಅವನ ನಷ್ಟ ನಿಜವಾದ ನಷ್ಟ. ‘ಪ್ರಕೃತಿಯ ಸಮತೋಲನ’ ಎಂಬ ಪಾಠದ ಮಾತಿನಿಂದ ಅದು ತುಂಬುವುದಿಲ್ಲ. ಕುರಿ ಸತ್ತರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಬಹುದು. ಆದರೆ ಹಿಂಡಿನ ಹಿಂದೆ ಊರೂರು ಅಲೆಯುವವನಿಗೆ ಕಚೇರಿ ಅಲೆಯಲು ಬಿಡುವೆಲ್ಲಿ? ಇಲ್ಲಿ ಓದಿದ ಮಕ್ಕಳು ಅರ್ಜಿ ಬರೆದುಕೊಟ್ಟು ನೆರವಾಗಬಹುದು. ಸತ್ತ ಕುರಿಯನ್ನು ಮುಟ್ಟದೆ ಫೋಟೊ ತೆಗೆದಿಡುವುದು, ಅಂದೇ ಸುದ್ದಿ ಮುಟ್ಟಿಸುವುದು ಕಷ್ಟದ ಕೆಲಸವಲ್ಲ. ರಾತ್ರಿ ದಡ್ಡಿಗೆ ಎತ್ತರದ ಮುಳ್ಳುಬೇಲಿ, ಎಳೆಮರಿಗಳಿಗೆ ಮುಚ್ಚಿದ ಗೂಡು, ಎಚ್ಚರದ ನಾಯಿಗಳು, ಇವು ಹಿರಿಯರು ಕಲಿಸಿದ ಉಪಾಯಗಳೇ.

ಮತ್ತೊಂದು ಮಾತು. ಗವಿಗೆ ಹೊಗೆ ಹಾಕಿದರೆ ಆ ಜೋಡಿ ಹೋದೀತು. ಆದರೆ ಖಾಲಿ ಬಿದ್ದ ನೆಲಕ್ಕೆ ಬೇರೆ ಜೋಡಿ ಬರುತ್ತದೆ, ಅಥವಾ ಹೇಳುವವರು ಕೇಳುವವರಿಲ್ಲದ ಬೀದಿನಾಯಿಗಳ ಹಿಂಡು ಬರುತ್ತದೆ. ನಾಯಿಹಿಂಡು ಕುರಿದಡ್ಡಿಗೆ ನುಗ್ಗಿದರೆ ಏನಾಗುತ್ತದೆಂದು ಕುರಿಗಾರರನ್ನೇ ಕೇಳಿ. ತೋಳವಾದರೋ ಹೊಲದ ಇಲಿ, ಮೊಲಗಳನ್ನೂ ತಿಂದು ರೈತನಿಗೆ ಒಂದಿಷ್ಟು ಕೂಲಿ ಮಾಡಿಕೊಡುತ್ತದೆ. ಬೀಳಗಿ ಕಡೆಯ ಮುದಿ ಕುರಿಗಾರರೊಬ್ಬರು ಒಮ್ಮೆ ನನಗೆ ಹೇಳಿದ್ದರು: ‘ಮಾಸ್ತರ, ನೂರು ಕುರಿ ಇದ್ದವ್ಗ ತೋಳಂದೂ ಒಂದು ಪಾಲು ಇರತೈತಿ. ನಾವು ಬೈತೀವಿ, ಅದು ಒಯ್ತೈತಿ. ಅದು ಇಲ್ಲದ ಮಡ್ಡಿ ಮಡ್ಡಿ ಅಲ್ಲ.’ ಇಷ್ಟು ದೊಡ್ಡ ಮನಸ್ಸು ಎಲ್ಲರಿಂದ ಬಯಸಲಾಗದು. ಆ ಪಾಲಿನ ಭಾರವೆಲ್ಲ ಬಡ ಕುರಿಗಾರನ ಹೆಗಲ ಮೇಲೇ ಬೀಳದಂತೆ ನೋಡಿಕೊಳ್ಳುವುದು ಮಾತ್ರ ಎಲ್ಲರ ಕೆಲಸ.

ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ನನ್ನ ಕಂಟಿಯ ಹೊರೆಯ ಕಥೆಯನ್ನೂ ಹೇಳಿದೆ. ಹುಡುಗ ಸುಮ್ಮನೆ ಕೇಳಿದ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಒಪ್ಪಬೇಕೆಂದೂ ನಾನು ಹೇಳಲಿಲ್ಲ. ವಾರದ ಮೇಲೆ ವರಾಂಡದಲ್ಲಿ ಎದುರಾಗಿ, ‘ಸರ, ನಮ್ಮ ನಾಯಿಗೋಳಿಗೆ ಸೂಜಿ ಮಾಡಿಸಿದಿವ್ರಿ’ ಎಂದ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, ‘ಹಳ್ಳದ ಕಡೆ ಗವಿ ಐತ್ರಿ. ಯಾರಿಗೂ ಹೇಳಿಲ್ಲರಿ’ ಎಂದು ಮೆಲ್ಲಗೆ ಹೇಳಿ ಓಡಿದ.

ಆ ಗವಿ ಎಲ್ಲಿದೆ ಎಂದು ನಾನೂ ಕೇಳಲಿಲ್ಲ.